ಎತ್ತು ಹೊಡೆಯುತ್ತಿದ್ದ ಕವಾಸ್‌ಜಿ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೂ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿ ಕೇಳಿದರು. ದಿನಕರ ದೇಸಾಯಿಯವರ ಬಗ್ಗೆಯಾಗಲಿ, ಅಂಕೋಲೆಯ ಉಪ್ಪಿನ ಸತ್ಯಾಗ್ರಹದವರ ಬಗ್ಗೆಯಾಗಲಿ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು, ಗೆಳೆಯರು ಈ ಶಾಲೆಯಲ್ಲಿ ಓದಿದವರೊಳಗೇ ಎಷ್ಟೋ ಜನ ಇದ್ದಾರೆ. ನಾನು ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿ, ನರ್ಸಿಂಗ್ ಕಲಿತು, ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಆಯುಷ್ಯದ ಬಹುಪಾಲು ಕಳೆದವಳು. ಅದರಲ್ಲಿ ಹೆಚ್ಚಿನ ವರ್ಷ ಪ್ಲಾಸ್ಟಿಕ್ ಸರ್ಜರಿ ವಾರ್ಡಿನಲ್ಲಿ. ಆದ್ದರಿಂದ ನಾನು ಆಯ್ದುಕೊಂಡ ವ್ಯಕ್ತಿಯ ಹೆಸರು ನಮ್ಮ ಊರಿನಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಆದರೆ ಜಗತ್ತಿನ ಯಾವುದೇ ದೇಶದ ಪ್ಲಾಸ್ಟಿಕ್ ಸರ್ಜನ್‌ಗೆ ಅವನ ಮುಖ ಗೊತ್ತು. ಅವನ ಚಿತ್ರ ಪಠ್ಯಪುಸ್ತಕಗಳಲ್ಲಿದೆ. ನಮ್ಮ ವಾರ್ಡಿನ ಡಾಕ್ಟರರ ಕೋಣೆಯ ಗೋಡೆಯ ಮೇಲೂ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ಅವನು ರಾಜನಲ್ಲ, ವೈದ್ಯನಲ್ಲ, ಪಂಡಿತನಲ್ಲ. ಎತ್ತು ಹೊಡೆಯುವವನು. ಹೆಸರು ಕವಾಸ್‌ಜಿ.

ಹೆಸರು ಕೇಳಿದರೆ ಪಾರ್ಸಿಯೆನಿಸುತ್ತದೆ. ಆದರೆ ಇಂಗ್ಲಿಷರು ಬರೆದಿಟ್ಟಿರುವಂತೆ ಅವನು ಮರಾಠಾ ಒಕ್ಕಲು ಜಾತಿಯವನು. ಕಿವಿಗೆ ಬಿದ್ದ ಹೆಸರನ್ನು ತಮ್ಮ ನಾಲಿಗೆಗೆ ಹೊಂದುವಂತೆ ತಿರುಚುವುದು ಅವರ ಅಭ್ಯಾಸವಾಗಿತ್ತು. ನಮ್ಮ ಕಾರವಾರವೇ ಅವರ ಕಾಗದಪತ್ರಗಳಲ್ಲಿ ಎಷ್ಟು ರೂಪ ತಾಳಿಲ್ಲ!

1790ರಿಂದ 1792ರವರೆಗೆ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರ ಕಂಪನಿಗೂ ನಡೆದ ಯುದ್ಧವನ್ನು ನಾವು ಮೂರನೆಯ ಮೈಸೂರು ಯುದ್ಧವೆಂದು ಇದೇ ಶಾಲೆಯ ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡಿದ್ದೇವೆ. ಆಗ ನಮ್ಮ ಅಂಕೋಲೆ, ಕಾರವಾರದ ಸೀಮೆಯೂ ಮೈಸೂರಿನ ಆಳ್ವಿಕೆಗೆ ಸೇರಿತ್ತು. ಪಾಠದಲ್ಲಿ ಕಾರ್ನ್‌ವಾಲಿಸ್ ಇದ್ದ, ಟಿಪ್ಪು ಇದ್ದ, ಒತ್ತೆಯಾಗಿ ಹೋದ ಇಬ್ಬರು ಎಳೆಯ ರಾಜಕುಮಾರರಿದ್ದರು. ಎತ್ತುಗಳಿರಲಿಲ್ಲ. ಆದರೆ ಆ ಯುದ್ಧ ನಡೆದದ್ದೇ ಎತ್ತುಗಳ ಬಲದ ಮೇಲೆ. ತೋಪು ಎಳೆಯುವುದು, ಅಕ್ಕಿ ಹೊರುವುದು, ಗುಂಡು ಮದ್ದು ಸಾಗಿಸುವುದು ಎಲ್ಲಕ್ಕೂ ಎತ್ತೇ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದೂ ಹಿಂದಿರುಗಬೇಕಾಯಿತು. ಎತ್ತುಗಳು ಸತ್ತು ಹೋಗಿದ್ದರಿಂದ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಾಕಿ ಹೋದ. ಹೀಗಿರುವಾಗ ಶತ್ರುವಿನ ಕಡೆಗೆ ಎತ್ತು ಹೊಡೆಯುವವನು ಕೈಯಲ್ಲಿ ಕತ್ತಿ ಇಲ್ಲದಿದ್ದರೂ ಸಿಪಾಯಿಯಷ್ಟೇ ದೊಡ್ಡ ಶತ್ರು.

ಕವಾಸ್‌ಜಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ. 1792ರ ಕದನದಲ್ಲಿ ಟಿಪ್ಪುವಿನ ಕಡೆಯವರ ಕೈಗೆ ಸೆರೆಸಿಕ್ಕ. ಅವರು ಅವನನ್ನು ಕೊಲ್ಲಲಿಲ್ಲ. ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಇದನ್ನು ಬರೆದಿಟ್ಟವರು ಗೆದ್ದ ಇಂಗ್ಲಿಷರು ಎಂಬುದನ್ನು ಓದುಗರು ಮರೆಯಬಾರದು. ಆದರೆ ಮೂಗು ಕೊಯ್ಯುವ ಶಿಕ್ಷೆ ಆ ಕಾಲದಲ್ಲಿ ಒಬ್ಬ ದೊರೆಯದೋ ಒಂದು ಧರ್ಮದವರದೋ ಆಗಿರಲಿಲ್ಲ. ಟಿಪ್ಪುವಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಮಧುರೆಯ ಕಡೆಗೆ ದಂಡೆತ್ತಿ ಹೋದ ಮೈಸೂರಿನ ಸೈನ್ಯ ಮೂಗು ಕೊಯ್ಯುವುದಕ್ಕೇ ಹೆಸರಾಗಿತ್ತು. ಕೈ ಹೋದರೆ ಕೆಲಸ ಹೋಯಿತು, ಮೂಗು ಹೋದರೆ ಮಾನ ಹೋಯಿತು: ಕತ್ತರಿಸುವವರ ಲೆಕ್ಕ ಇಷ್ಟೇ. ನಮ್ಮ ಕಡೆಯ ಬಯಲಾಟಗಳಲ್ಲಿ ಪಂಚವಟಿ ಪ್ರಸಂಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ ಕೂಡಲೇ ಬಣ್ಣದ ವೇಷ ಕಿರುಚಿಕೊಂಡು ರಂಗದ ತುಂಬ ಓಡುತ್ತದೆ, ನಾವು ಮಕ್ಕಳು ಚಾಪೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದೆವು. ವಾರ್ಡಿಗೆ ಸೇರಿದ ಮೇಲೆ ನನಗೆ ಆ ಪ್ರಸಂಗ ನೋಡಲು ಮನಸ್ಸಾಗಿಲ್ಲ.

ಆ ಸ್ಥಿತಿಯಲ್ಲೇ ಕವಾಸ್‌ಜಿ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಮುಂಬಯಿಯ ಸೈನ್ಯವನ್ನು ಬಂದು ಸೇರಿದ. ಮಲಬಾರಿನಿಂದ ಕೊಡಗಿನ ಘಟ್ಟ ಹತ್ತಿ ಬಂದ ಸೈನ್ಯ ಅದು. ಮಾರ್ಚಿಯಲ್ಲಿ ಒಪ್ಪಂದವಾಗಿ ಯುದ್ಧ ಮುಗಿಯಿತು. ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅವನು ಮೂಗಿಲ್ಲದೆ ಇದ್ದ. ಈ ವಾಕ್ಯವನ್ನು ಓದುವುದು ಸುಲಭ. ಮೂಗಿಲ್ಲದ ಮನುಷ್ಯನಿಗೆ ನಾನು ವರ್ಷಗಟ್ಟಲೆ ಡ್ರೆಸಿಂಗ್ ಮಾಡಿದ್ದೇನೆ. ಉಸಿರಾಡುವ ಗಾಳಿ ಒಳಗೆ ಒದ್ದೆಯಾಗದೆ ಒಣಗಿ ಹೋಗುತ್ತದೆ, ಒಳಗೆಲ್ಲ ಹಕ್ಕಳೆ ಕಟ್ಟುತ್ತದೆ, ಮಾತು ಬದಲಾಗುತ್ತದೆ, ಊಟದ ರುಚಿ ಹೋಗುತ್ತದೆ. ಇದೆಲ್ಲ ಸಹಿಸಬಹುದು. ಎದುರಿಗೆ ಬಂದವರು ಒಂದು ಕ್ಷಣ ನೋಡಿ ಕಣ್ಣು ಬೇರೆ ಕಡೆ ತಿರುಗಿಸುತ್ತಾರಲ್ಲ, ಅದನ್ನು ಮಾತ್ರ ಯಾರೂ ಸಹಿಸುವುದಿಲ್ಲ.

1793ರಲ್ಲಿ ಪುಣೆಯ ಹತ್ತಿರ ಅವನಿಗೆ ಹೊಸ ಮೂಗು ಬಂತು. ಮಾಡಿದವನು ಇಟ್ಟಿಗೆ ಮಾಡುವ ಕುಂಬಾರ ಜಾತಿಯವನು. ಇಂಗ್ಲಿಷ್ ವೈದ್ಯರಾದ ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೇ ಈ ಬಗೆಯ ಶಸ್ತ್ರಕ್ರಿಯೆಯನ್ನು ಕಣ್ಣಾರೆ ನೋಡಿದವರು. ಅವರು ನೋಡಿದ ಕ್ರಮವನ್ನು ನನಗೆ ತಿಳಿದ ಮಟ್ಟಿಗೆ ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗು ಇದ್ದ ಜಾಗದಲ್ಲಿಟ್ಟು, ಬೆರಳಿನಿಂದ ಒತ್ತಿ ತಿದ್ದಿ, ನೋಡಲು ಒಪ್ಪುವ ಮೂಗಿನ ಆಕಾರ ಮಾಡಿಕೊಂಡ. ಆಮೇಲೆ ಆ ಮೇಣವನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಮೇಣದ ಕೆಲಸ ಅಲ್ಲಿಗೆ ಮುಗಿಯಿತು. ಗೆರೆಯ ಗುಂಟ ಹಣೆಯ ಚರ್ಮವನ್ನು ಕೊಯ್ದು ಎಬ್ಬಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡ. ಎಲೆಗೆ ತೊಟ್ಟು ಇದ್ದ ಹಾಗೆ. ಆಮೇಲೆ ಹಳೆಯ ಮೂಗಿನ ಮೊಂಡಿನ ಕಲೆಗಟ್ಟಿದ ಅಂಚನ್ನು ಹೆರೆದು ಹಸಿ ಮಾಡಿ, ಅದರ ಹಿಂದೆ ಎರಡೂ ಹೊಳ್ಳೆಗಳ ಸುತ್ತ ಮೇಲ್ದುಟಿಯವರೆಗೆ ಒಂದು ಸೀಳು ಮಾಡಿದ. ಹಣೆಯ ಚರ್ಮವನ್ನು ತೊಟ್ಟಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅಂಚನ್ನು ಆ ಸೀಳಿನೊಳಗೆ ಸೇರಿಸಿದ.

ಇನ್ನು ಅಂಟು. ಅದಕ್ಕೆ ಅವನು ಬಳಸಿದ್ದು ಕಾಚು. ನಾವು ಕವಳಕ್ಕೆ ಹಾಕುವ ಅದೇ ಕಾಚು! ನೀರಿನಲ್ಲಿ ನೆನೆಸಿ ಬಟ್ಟೆಯ ಪಟ್ಟಿಗಳಿಗೆ ಬಳಿದು, ಅಂಥ ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಸೇರಿಕೆಯ ಮೇಲೆ ಅಂಟಿಸಿದ. ಕಾಚು ಚರ್ಮವನ್ನು ಬಿಗಿಯುತ್ತದೆ, ರಕ್ತ ಜಿನುಗುವುದನ್ನು ತಡೆಯುತ್ತದೆ. ನಾಲ್ಕು ದಿನ ಅದನ್ನು ಮುಟ್ಟುವಂತಿಲ್ಲ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಚೂರು ತುರುಕುವುದು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ತೊಟ್ಟನ್ನು ಕತ್ತರಿಸಿ, ಅಲ್ಲಲ್ಲಿ ತಿದ್ದಿ ಅಂದ ಮಾಡುವುದು.

ಅಂಕೋಲೆಯವರಿಗೆ ಇದು ಅರ್ಥವಾಗದೆ ಇರಲಾರದು. ಕರಿ ಇಶಾಡು ಮಾವಿನ ಕಸಿ ಕಟ್ಟುವಾಗ ಹಳಬರು ತಾಯಿಮರದ ರೆಂಬೆಯನ್ನು ಕೂಡಲೇ ಕತ್ತರಿಸುತ್ತಿರಲಿಲ್ಲ. ಕುಂಡದ ಗಿಡವನ್ನು ಮರದ ಬಳಿಗೆ ಒಯ್ದು, ಎರಡನ್ನೂ ಹೆರೆದು, ಹಸಿಗೆ ಹಸಿ ಕೂಡಿಸಿ ಕಟ್ಟುತ್ತಿದ್ದರು. ಬೆಸುಗೆ ಆಗುವವರೆಗೆ ರೆಂಬೆ ತಾಯಿಯ ರಸದಲ್ಲೇ ಬದುಕುತ್ತದೆ. ಆದ ಮೇಲೆಯೇ ಕತ್ತರಿ. ಕುಂಬಾರನ ತೊಟ್ಟೂ ಅದೇ. ಹಣೆಯಿಂದ ಬರುವ ರಕ್ತ ಆ ತೊಟ್ಟಿನ ಮೂಲಕ ಹೊಸ ಮೂಗನ್ನು ಸಾಕುತ್ತದೆ. ರಕ್ತ ಹೀಗೆ ಹರಿಯುತ್ತದೆಂದು ಅವನು ಯಾವ ಪುಸ್ತಕದಲ್ಲೂ ಓದಿದವನಲ್ಲ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ಕ್ರಮವಿದೆ, ಆದರೆ ಅಲ್ಲಿ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮ ತಿರುಗಿಸುತ್ತಾರೆ. ಇವನದು ಹಣೆಯ ಚರ್ಮ. ಕೈಯಿಂದ ಕೈಗೆ ಬಂದ ವಿದ್ಯೆ. ಮಣ್ಣು ಕಲಸುವ ಜಾತಿಯವನಿಗೆ ಈ ವಿದ್ಯೆ ಏಕೆ ಬಂತೆಂದು ಡಾಕ್ಟರುಗಳು ಚರ್ಚಿಸುತ್ತಿದ್ದುದನ್ನು ಕೇಳಿದ್ದೇನೆ. ನನಗೇನೋ ಅದರಲ್ಲಿ ಆಶ್ಚರ್ಯವಿಲ್ಲ. ಆಕಾರ ಎಂಬುದು ಬೆರಳಿಗೆ ಗೊತ್ತಿರುವುದು ಅಂಥವರಿಗೇ.

ಮುಂದಿನ ವರ್ಷ, 1794ರ ಜನವರಿಯಲ್ಲಿ, ಮೂಗು ಬಂದು ಹತ್ತು ತಿಂಗಳಾದ ಮೇಲೆ, ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನ ಚಿತ್ರಕಾರ ಕವಾಸ್‌ಜಿಯ ಚಿತ್ರ ಬರೆದ. ಪೇಶ್ವೆ ಸವಾಯಿ ಮಾಧವರಾಯನನ್ನೂ ನಾನಾ ಫಡ್ನವೀಸನನ್ನೂ ಎದುರಿಗೆ ಕೂರಿಸಿಕೊಂಡು ಚಿತ್ರ ಬರೆದ ಅದೇ ವೇಲ್ಸ್. ಹಣೆಯ ಗುರುತು, ಹೊಸ ಮೂಗು ಎರಡೂ ಚಿತ್ರದಲ್ಲಿ ಸ್ಪಷ್ಟವಾಗಿವೆ. ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಒಂದು ಕಾಗದವೂ ಚಿತ್ರವೂ ಅಚ್ಚಾದವು. ಬರೆದವರ ಹೆಸರಿನ ಜಾಗದಲ್ಲಿ ಬಿ. ಎಲ್. ಎಂಬ ಎರಡೇ ಅಕ್ಷರ. ಆ ಕಾಗದದಲ್ಲಿ ರೋಗಿಯ ಹೆಸರಿದೆ, ನೋಡಿದ ವೈದ್ಯರ ಹೆಸರಿದೆ. ಮಾಡಿದವನ ಹೆಸರಿಲ್ಲ, ಜಾತಿ ಮಾತ್ರ ಇದೆ. ಇದು ನನ್ನ ಮನಸ್ಸಿಗೆ ಇವತ್ತಿಗೂ ಚುಚ್ಚುತ್ತದೆ.

ಯುರೋಪಿನಲ್ಲಿ ಆಗ ಮೂಗು ಕಟ್ಟುವ ವಿದ್ಯೆ ಹೆಚ್ಚುಕಡಿಮೆ ಮರೆತೇ ಹೋಗಿತ್ತು. ಹದಿನಾರನೆಯ ಶತಮಾನದಲ್ಲಿ ಇಟಲಿಯ ತಾಲ್ಯಾಕೋತ್ಸಿ ಎಂಬಾತ ತೋಳಿನ ಚರ್ಮದಿಂದ ಮೂಗು ಮಾಡುತ್ತಿದ್ದ. ವಾರಗಟ್ಟಲೆ ತೋಳನ್ನು ಮುಖಕ್ಕೆ ಕಟ್ಟಿಕೊಂಡಿರಬೇಕಾದ ಆ ಕಷ್ಟಕ್ಕೆ ಹೆದರಿ ಜನ ಅದನ್ನು ಬಿಟ್ಟರು. ಕವಾಸ್‌ಜಿಯ ಸುದ್ದಿಯನ್ನು ಗಂಭೀರವಾಗಿ ತೆಗೆದುಕೊಂಡವನು ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ, ಅಂಗರಚನೆಯ ಮೇಷ್ಟರು. ಪುಣೆಯಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ಮ್ಯಾಲೆಟ್ ಮೊದಲಾದವರನ್ನು ವಿಚಾರಿಸಿ ಖಾತ್ರಿ ಮಾಡಿಕೊಂಡ. ಹೆಣಗಳ ಮೇಲೆ ಎಷ್ಟೋ ಸಲ ಮಾಡಿ ನೋಡಿದ. ಕೊನೆಗೆ 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಮಾಡಿದ. ಯಕೃತ್ತಿನ ಕಾಯಿಲೆಗೆ ಕೊಟ್ಟ ಪಾದರಸದಿಂದ ಮೂಗು ಕಳೆದುಕೊಂಡವನು ಅವನು. ಹದಿನೈದು ನಿಮಿಷದ ಕೆಲಸ. ಅರಿವಳಿಕೆ ಇಲ್ಲ, ಈಥರ್ ಕೊಟ್ಟು ಶಸ್ತ್ರಕ್ರಿಯೆ ಮಾಡಬಹುದೆಂದು ಬಾಸ್ಟನ್ನಿನಲ್ಲಿ ತೋರಿಸಿಕೊಟ್ಟದ್ದು 1846ರ ಅಕ್ಟೋಬರ್‌ನಲ್ಲಿ, ಕಾರ್ಪ್ಯೂ ತೀರಿಕೊಂಡದ್ದು ಅದೇ ವರ್ಷದ ಜನವರಿಯಲ್ಲಿ. ಮೂರನೆಯ ದಿನ ಪಟ್ಟಿ ಬಿಚ್ಚಿದಾಗ ಅಲ್ಲಿದ್ದವರು ನಿಜವಾಗಿಯೂ ಮೂಗು ಇದೆಯಲ್ಲ ಎಂದು ಬೆರಗಾಗಿ ಕೂಗಿಕೊಂಡರಂತೆ.

ಅವನ ಎರಡನೆಯ ರೋಗಿ ಲೇಥಮ್. 1811ರಲ್ಲಿ ಸ್ಪೇನಿನ ಅಲ್ಬುಯೆರಾ ಕದನದಲ್ಲಿ ತನ್ನ ಪಡೆಯ ಬಾವುಟವನ್ನು ಬಿಡದೆ ಹಿಡಿದು ನಿಂತು, ಮೂಗನ್ನೂ ಒಂದು ತೋಳನ್ನೂ ಕಳೆದುಕೊಂಡ ವೀರ. ಕವಾಸ್‌ಜಿಗೆ ಆದದ್ದೇ ಇವನಿಗೂ ಆಗಿತ್ತು. ಇವನ ಖರ್ಚನ್ನು ಇಂಗ್ಲೆಂಡಿನ ರಾಜಕುಮಾರನೇ ವಹಿಸಿದ. 1816ರಲ್ಲಿ ಕಾರ್ಪ್ಯೂ ಈ ಎರಡು ಶಸ್ತ್ರಕ್ರಿಯೆಗಳ ಬಗ್ಗೆ ಪುಸ್ತಕ ಬರೆದ. ಅಲ್ಲಿಂದ ಈ ಕ್ರಮ ಜರ್ಮನಿಗೂ ಬೇರೆ ದೇಶಗಳಿಗೂ ಹೋಯಿತು. ಎಲ್ಲೆಡೆ ಅದಕ್ಕೆ ಭಾರತೀಯ ವಿಧಾನ ಎಂಬ ಹೆಸರೇ ನಿಂತಿತು.

ಇಂದು ಮೂಗು ಕೊಯ್ಯುವ ದೊರೆಗಳಿಲ್ಲ. ನಮ್ಮ ವಾರ್ಡಿಗೆ ಬರುತ್ತಿದ್ದವರ ಮೂಗು ತೆಗೆಯಬೇಕಾಗುತ್ತಿದ್ದುದು ಹೆಚ್ಚಾಗಿ ಕ್ಯಾನ್ಸರಿನಿಂದ. ಅವರಲ್ಲಿ ಒಬ್ಬರು ನನ್ನ ಸ್ವಂತ ಸೋದರಮಾವ. ಬೇಲೆಕೇರಿಯ ಕಡೆ ದೋಣಿ ಕಟ್ಟುವ ಬಡಗಿ. ಆಯುಷ್ಯವೆಲ್ಲ ಬಿಸಿಲಿನಲ್ಲಿ ತೆಂಗಿನ ನೆರಳೂ ಇಲ್ಲದ ದಂಡೆಯಲ್ಲಿ ಕೆಲಸ. ಮೂಗಿನ ತುದಿಯಲ್ಲಿ ಒಂದು ಸಣ್ಣ ಹುಣ್ಣು. ಹಕ್ಕಳೆ ಕಟ್ಟುತ್ತಿತ್ತು, ಉದುರುತ್ತಿತ್ತು, ರಕ್ತ ಬರುತ್ತಿತ್ತು, ಮತ್ತೆ ಹಕ್ಕಳೆ. ನೋವಿಲ್ಲ, ಅದೇ ಕಷ್ಟ. ಒಬ್ಬ ಡಾಕ್ಟರು ಎಂಟು ತಿಂಗಳು ಮುಲಾಮು ಕೊಟ್ಟರು. ಊರಲ್ಲಿ ಕುಷ್ಠವೆಂದರು, ನಾಗದೋಷವೆಂದರು. ಮಾವ ಮುಖಕ್ಕೆ ಪಂಚೆ ಸುತ್ತಿಕೊಳ್ಳತೊಡಗಿದರು. ತಮ್ಮ ಮಗಳ ಮದುವೆಯ ದಿನ ಚಪ್ಪರದೊಳಗೆ ಬರಲಿಲ್ಲ. ಧಾರೆ ಎರೆದದ್ದು ಚಿಕ್ಕ ಮಾವ. ಇವರು ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರೆಂದು ಅತ್ತೆ ಬರೆಸಿದ ಕಾಗದ ಓದಿ ನಾನು ರಜೆ ಹಾಕಿ ಊರಿಗೆ ಬಂದೆ. ಆಗ ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು ಮುಂಬಯಿಗೆ ಕರೆದೊಯ್ದೆ.

ಬಯಾಪ್ಸಿಯಲ್ಲಿ ಚರ್ಮದ ಕ್ಯಾನ್ಸರೆಂದು ಬಂತು. ಮೂಗಿನ ತುದಿ, ಒಂದು ಹೊಳ್ಳೆ ಹೋಗಲೇಬೇಕು ಎಂದರು. ಮಾವ ಎದ್ದು ಚೀಲ ಕಟ್ಟಿದರು. ಮೂಗಿಲ್ಲದೆ ಅಂಕೋಲೆಯ ಪೇಟೆಯಲ್ಲಿ ನಡೆಯುವುದಕ್ಕಿಂತ ಇದ್ದಷ್ಟು ದಿನ ಮೂಗಿಟ್ಟುಕೊಂಡು ಸಾಯುತ್ತೇನೆ ಎಂಬುದು ಅವರ ಹಟ. ಡಾಕ್ಟರು ಹೇಳಿ ಆಯಿತು, ನಾನು ಅತ್ತು ಆಯಿತು. ಆಗ ನಾನು ಗೋಡೆಯ ಮೇಲಿನ ಚಿತ್ರ ಇಳಿಸಿ ತಂದು ಮಂಚದ ಮೇಲಿಟ್ಟು, ಮೇಲೆ ಬರೆದ ಕತೆಯನ್ನೆಲ್ಲ ಹೇಳಿದೆ.

ಮಾವನಿಗೆ ಟಿಪ್ಪುವಿನ ಮೇಲಾಗಲಿ ಇಂಗ್ಲಿಷರ ಮೇಲಾಗಲಿ ಆಸಕ್ತಿ ಇರಲಿಲ್ಲ. ಮೇಣದ ವಿಷಯ ಬಂದಾಗ ಮಾತ್ರ ಎದ್ದು ಕೂತರು. ಬಾಗಿದ ಹಲಗೆಗೆ ಅಚ್ಚು ತೆಗೆದು, ಅಚ್ಚನ್ನು ಚಪ್ಪಟೆ ಮಾಡಿ ಮರದ ಮೇಲಿಟ್ಟು ಗೆರೆ ಎಳೆಯುವುದು ಅವರ ದಿನದ ಕೆಲಸವಲ್ಲವೇ. ಹಾಗಿದ್ದರೆ ಆ ಕುಂಬಾರನಿಗೆ ಕೆಲಸ ಗೊತ್ತಿತ್ತು ಎಂದು ತೀರ್ಮಾನಿಸಿದರು. ಇಲ್ಲಿಯ ಡಾಕ್ಟರು ಅಚ್ಚಿಗೆ ಏನು ಬಳಸುತ್ತಾರೆಂದು ಕೇಳಿದರು. ಹೊಲಿಗೆಯ ದಾರ ಬರುವ ಪೊಟ್ಟಣದ ತೆಳು ತಗಡಿನ ಹಾಳೆ ಎಂದೆ. ಅದು ಸತ್ಯ, ಇವತ್ತಿಗೂ ಎಷ್ಟೋ ಸರ್ಜನ್ನರು ಅದನ್ನೇ ಕತ್ತರಿಸಿ ಅಳತೆ ತೆಗೆಯುತ್ತಾರೆ. ಮಾವ ಒಪ್ಪಿದರು.

ಕವಾಸ್‌ಜಿಗೂ ಕ್ಯಾನ್ಸರ್ ರೋಗಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕತ್ತಿ ಒಂದೇ ಏಟಿಗೆ ಮುಗಿಸುತ್ತದೆ. ಕ್ಯಾನ್ಸರ್ ಕಣ್ಣಿಗೆ ಕಾಣುವ ಹುಣ್ಣಿಗಿಂತ ಆಚೆಗೆ ಬೇರು ಬಿಟ್ಟಿರುತ್ತದೆ. ಆದ್ದರಿಂದ ಸುತ್ತಲಿನ ಒಳ್ಳೆಯ ಮಾಂಸವನ್ನೂ ಸ್ವಲ್ಪ ಸೇರಿಸಿ ತೆಗೆದು, ಅಂಚುಗಳನ್ನೆಲ್ಲ ಸೂಕ್ಷ್ಮದರ್ಶಕದಡಿ ನೋಡಿ, ರೋಗ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಟ್ಟುವ ಕೆಲಸ. ಅವಸರ ಮಾಡಿದರೆ ಹೊಸ ಮೂಗಿನ ಅಡಿಯಲ್ಲೇ ಹಳೆಯ ರೋಗ ಬೆಳೆಯುತ್ತದೆ. ವರದಿ ಬರುವವರೆಗಿನ ಆ ದಿನಗಳಲ್ಲಿ ಮಾವ ಕನ್ನಡಿ ಕೇಳಲಿಲ್ಲ, ನಾನೂ ಕೊಡಲಿಲ್ಲ. ಕಟ್ಟುವಾಗಲೂ ಈಗ ಚರ್ಮವೊಂದೇ ಸಾಲದು. ಒಳಗೆ ಮೆತ್ತನೆಯ ಒಳಪದರ ಬೇಕು, ಕುಸಿಯದಂತೆ ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯ ಆಧಾರ ಬೇಕು. ಮಾವ ಅದಕ್ಕೆ ದೋಣಿಯ ಪಕ್ಕೆಗಳ ಹೋಲಿಕೆ ಕೊಟ್ಟರು. ಆದರೆ ಮೇಲಿನ ಹೊದಿಕೆ ಅದೇ ಹಣೆಯ ಚರ್ಮ, ಹುಬ್ಬಿನ ಒಳತುದಿಯಿಂದ ಮೇಲೆ ಹತ್ತುವ ರಕ್ತನಾಳದ ಮೇಲೆ ನಿಂತ ಅದೇ ತೊಟ್ಟು. ಮೂರು ವಾರ ಕಳೆದ ಮೇಲೆ ಅದನ್ನು ಕತ್ತರಿಸಿದರು. ಕುಂಬಾರನ ಲೆಕ್ಕ ಇಪ್ಪತ್ತೈದು ದಿನ. ಇನ್ನೂರು ವರ್ಷದ ವಿಜ್ಞಾನ ಕೆಲವೇ ದಿನ ಉಳಿಸಿತು ಅನ್ನಿ!

ಆ ಮೂರು ವಾರ ಒಂದು ತಮಾಷೆ. ಹೊಸ ಮೂಗಿನ ಮೇಲೆ ನೊಣ ಕೂತರೆ ಮಾವ ಹಣೆ ಒರೆಸಿಕೊಳ್ಳುತ್ತಿದ್ದರು. ಚರ್ಮ ಕೆಳಗೆ ಬಂದಿದ್ದರೂ ನರ ಇನ್ನೂ ಹಣೆಯದೇ.

ಮುಂದಿನ ವರ್ಷದ ಬಂಡಿ ಹಬ್ಬಕ್ಕೆ ಮಾವ ಪಂಚೆ ಸುತ್ತಿಕೊಳ್ಳದೆ ಹೋದರು. ಹಣೆಯ ಮೇಲಿನ ಗೆರೆ ನೋಡಿ ಕೆಲವರು ನಾಮವೆಂದುಕೊಂಡರು. ಹಣೆಯ ಮೇಲ್ತುದಿಯ ಚರ್ಮ ಬಂದಿದ್ದರಿಂದ ಮೂಗಿನ ತುದಿಯಲ್ಲಿ ನಾಲ್ಕಾರು ಕೂದಲು ಬೆಳೆಯುತ್ತಿತ್ತು. ಗಡ್ಡದ ಜೊತೆಗೆ ಮೂಗನ್ನೂ ಬೋಳಿಸಬೇಕಾದ ಗಂಡಸು ತಾಲೂಕಿನಲ್ಲಿ ತಾನೊಬ್ಬನೇ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಎರಡನೆಯ ಮಗಳ ಧಾರೆಯನ್ನು ಅವರೇ ಎರೆದರು. ಹದಿನಾಲ್ಕು ವರ್ಷ ಬದುಕಿ, ಹೃದಯದ ತೊಂದರೆಯಿಂದ ತೀರಿಕೊಂಡರು.

ಆಸ್ಪತ್ರೆಯಲ್ಲಿ ಕತೆ ಕೇಳಿ ಮುಗಿದ ಮೇಲೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ಮರೆತಿಲ್ಲ. ನಾವೆಲ್ಲರೂ ಆ ಚಿತ್ರದಲ್ಲಿ ಮೂಗನ್ನೇ ನೋಡುತ್ತಿದ್ದೆವು. ಅವರು ಕೇಳಿದ್ದು ಕೈಯ ಬಗ್ಗೆ. ಒಂದು ಕೈಯಲ್ಲಿ ಎತ್ತಿನ ಹಗ್ಗ, ಇನ್ನೊಂದರಲ್ಲಿ ಬಾರುಕೋಲು ಹಿಡಿಯಬೇಕಾದವನು ಆಮೇಲೆ ಬದುಕಿದ್ದು ಹೇಗೆ ಎಂದರು. ಕಂಪನಿಯ ಪಿಂಚಣಿ ಇತ್ತು ಎಂದೆ. ಎಷ್ಟೇ ಬರಲಿ, ಕೆಲಸ ಮಾಡಿದ ಕೈಗೆ ಅದು ಸಾಲುವುದಿಲ್ಲ ಎಂದು ಹೇಳಿ ಮಾವ ಗೋಡೆಯ ಕಡೆ ತಿರುಗಿ ಮಲಗಿದರು. ಹೊರಡುವ ದಿನ ಚಿತ್ರದ ಒಂದು ಜೆರಾಕ್ಸ್ ಕೇಳಿ ಪಡೆದರು. ಬೇಲೆಕೇರಿಯ ಮನೆಯ ಜಗಲಿಯಲ್ಲಿ, ಅಜ್ಜನ ಫೋಟೋದ ಪಕ್ಕದಲ್ಲಿ, ಅದು ಈಗಲೂ ಇದೆ.